ಬಿ.ಕಾಂ ಪಾಸಾಗಿದೆ, ಲೆಕ್ಕ ಬರೆಯೋಕೆ ಬರಲ್ಲ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಬಿ.ಕಾಂ ಮುಗಿಸಿದ 22ರ ಹುಡುಗಿ ಸಲಹೆಗೆಂದು ನನ್ನ ಬಳಿ ಬಂದಿದ್ದಳು. ಒಳ್ಳೆಯ ಅಂಕ. ಆಡಿಟರ್ ಕಚೇರಿಯೊಂದರ ಸಂದರ್ಶನದಲ್ಲಿ ಬ್ಯಾಂಕಿನ ಪಾಸ್‌ಬುಕ್ಕನ್ನೂ ವ್ಯಾಪಾರಿಯೇ ಬರೆದಿಡುವ ಕ್ಯಾಶ್ ಬುಕ್ಕನ್ನೂ ಮುಂದಿಟ್ಟು, ಎರಡರ ಬ್ಯಾಲೆನ್ಸ್ ಯಾಕೆ ಹೊಂದುತ್ತಿಲ್ಲ ಅಂತ ಕೇಳಿದರಂತೆ. ಇವಳಿಗೆ ಬಾಯೇ ಬರಲಿಲ್ಲ. ಅಂದಿನಿಂದ ನಿದ್ದೆ ಸರಿಯಿಲ್ಲ, ಬೇರೆಲ್ಲೂ ಅರ್ಜಿ ಹಾಕಿಲ್ಲ. "ನಾನು ದಡ್ಡಿ ಮೇಡಂ. ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ" ಅಂದಳು.

ಹೇಗೆ ಓದುತ್ತಿದ್ದಿರಿ ಅಂತ ಕೇಳಿದೆ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ಅತಿಥಿ ಉಪನ್ಯಾಸಕರು ಬಂದು ನೋಟ್ಸ್ ಬರೆಸುತ್ತಿದ್ದರು. ಪರೀಕ್ಷೆಗೆ ವಾರ ಇರುವಾಗ ಜೆರಾಕ್ಸ್ ಅಂಗಡಿಯಲ್ಲಿ 'ಇಂಪಾರ್ಟೆಂಟ್ ಪ್ರಶ್ನೆ'ಗಳು ಸಿಗುತ್ತಿದ್ದವು. ಹಳೇ ಲೆಕ್ಕಗಳೇ ಅಂಕಿ ಬದಲಿಸಿಕೊಂಡು ಬರುತ್ತಿದ್ದವು. ಇದರಲ್ಲಿ ಅವಳ ದಡ್ಡತನ ಎಲ್ಲಿದೆ? ಕಾಲೇಜು ಕೇಳಿದ್ದನ್ನು ಅವಳು ಚೆನ್ನಾಗಿಯೇ ಕೊಟ್ಟಿದ್ದಳು. ಮೊದಲು ಇದನ್ನೇ ಹೇಳಿದೆ. ಕಾಲೇಜಿನ ಮೇಲಿನ ಸಿಟ್ಟೂ ಸರಿಯಾದದ್ದೇ. ಆದರೆ ಕಲಿಯುವ ಕೆಲಸ ಈಗ ಅವಳ ಪಾಲಿಗೇ ಬಂದಿದೆ, ಅಲ್ವಾ?

ಮೊಬೈಲಿನಲ್ಲಿ ರಾಶಿ ವಿಡಿಯೋ ಪಾಠ ಇಟ್ಟುಕೊಂಡಿದ್ದಳು. ನೋಡುವಾಗ ಎಲ್ಲ ಅರ್ಥವಾಗುತ್ತೆ, ಮರುದಿನ ತಲೆ ಖಾಲಿ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ನೋಡದೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರು ಮುಂದಿದ್ದರು. ವಾರದ ನಂತರ ಬರೆದವರೇ ಮುಂದೆ.

ಹಾಗಾಗಿ ಸಲಹೆ ಇಷ್ಟು. ವಿಡಿಯೋ ಸದ್ಯ ಬಿಡಿ. ಪ್ರಥಮ ಪಿಯುಸಿಯ ಅಕೌಂಟೆನ್ಸಿ ಪುಸ್ತಕ ತೆಗೆಯಿರಿ, ನಾಚಿಕೆ ಬೇಡ. ದಿನಕ್ಕೆ ಒಂದು ಗಂಟೆ ಸಾಕು. ಲೆಕ್ಕ ಓದಿ, ಪುಸ್ತಕ ಮುಚ್ಚಿ ಬರೆಯಿರಿ, ಎರಡು ದಿನ ಬಿಟ್ಟು ಮತ್ತೆ ಬರೆಯಿರಿ. ಜೊತೆಗೆ ನಿಮ್ಮ ಸೋದರಮಾವನ ದಿನಸಿ ಅಂಗಡಿಯ ಒಂದು ತಿಂಗಳ ವ್ಯವಹಾರ ಬರೆದು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಸಮ ಇದೆಯಾ ಅಂತ ನೋಡುವ ಪಟ್ಟಿ) ಹಾಕಿ. ಅದು ತಾಳೆಯಾಗದಿದ್ದರೆ ತಪ್ಪಿದೆ ಅಂತ ಮೇಷ್ಟ್ರಿಲ್ಲದೆಯೂ ಗೊತ್ತಾಗುತ್ತೆ. ತಾಳೆಯಾದರೂ ಕೆಲವು ತಪ್ಪು ಒಳಗೇ ಉಳಿದಿರುತ್ತವೆ. ಅದಕ್ಕೆ ಆಗಾಗ ತಿಳಿದವರಿಗೆ ತೋರಿಸಿ. (ಸ್ವಂತವಾಗಿ ಕಲಿಯೋದು ಅಂದರೆ ಯಾರನ್ನೂ ಕೇಳಬಾರದು ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಸುಮ್ನೆ.)

ಮುಂದಿನ ಭೇಟಿಗೆ ಅಂಗಡಿ ಲೆಕ್ಕ ತಂದಿದ್ದಳು. "ಮಾವ ಅಂಗಡಿ ಅಕ್ಕೀನೇ ಮನೆಗೆ ಒಯ್ತಾರೆ, ದುಡ್ಡು ಹಾಕಲ್ಲ. ಖರ್ಚು ಅಂತ ಬರೆದುಬಿಟ್ಟಿದ್ದೆ. ಅದು ಡ್ರಾಯಿಂಗ್ಸ್ ಮೇಡಂ!" (ಡ್ರಾಯಿಂಗ್ಸ್ ಅಂದರೆ ಮಾಲೀಕರು ಸ್ವಂತಕ್ಕೆ ತೆಗೆದುಕೊಂಡದ್ದು.) ಟ್ರಯಲ್ ಬ್ಯಾಲೆನ್ಸ್ ಆಗಲೇ ತಾಳೆಯಾಗಿತ್ತು. ತಪ್ಪು ಹಿಡಿದದ್ದು ಅವಳೇ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅರ್ಜಿಯ ಮಾತನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.