ನಮ್ಮ ಪಾಡಿಗೆ ನಾವಿರ್ತೀವಿ ಅನ್ನುವ ಊರು

ಪ್ರ: ಸರ್, ದಕ್ಷಿಣ ಆಫ್ರಿಕಾದ ಒರಾನಿಯಾ ಊರಿನ ವಿಡಿಯೊ ನೋಡಿದೆ. ಬರೀ ಬಿಳಿ ಆಫ್ರಿಕಾನರ್‌ಗಳೇ (ಹೆಚ್ಚಾಗಿ ಡಚ್ ಮೂಲದ ವಲಸಿಗರ ವಂಶದವರು) ಇರೋದು. ಗಾರೆ ಕೆಲಸದಿಂದ ಕಸ ಗುಡಿಸೋವರೆಗೆ ಎಲ್ಲ ತಾವೇ ಮಾಡ್ತಾರೆ, ಯಾರ ತಂಟೆಗೂ ಹೋಗಲ್ಲ. ಬ್ರಿಟಿಷರಿಂದ ಅವರೂ ಏಟು ತಿಂದವರೇ. ಇದರಲ್ಲಿ ತಪ್ಪೇನಿದೆ?
— ಓದುಗರೊಬ್ಬರು, ಹಾಸನ

ಉ: ತಾವೇ ದುಡಿಯೋದು ನಿಜ, ಶಹಬ್ಬಾಸ್ ಅನ್ನೋಣ. ಆದರೆ ಆ ಊರು ಅವರ ಕೈಗೆ ಹೇಗೆ ಬಂತು ಅಂತ ವಿಡಿಯೊದಲ್ಲಿ ಹೇಳಿದ್ರಾ? ಆರೆಂಜ್ ನದಿಯ ನೀರಾವರಿ ಯೋಜನೆಗಾಗಿ 1960ರ ದಶಕದಲ್ಲಿ ಸರ್ಕಾರ ಕಟ್ಟಿದ ಕಾಲೊನಿ ಅದು. ಕೆಲಸ ಮುಗಿದು ಪಾಳು ಬಿದ್ದಿದ್ದನ್ನು 1990ರ ಕೊನೆಯಲ್ಲಿ ಕಾರೆಲ್ ಬೋಸ್‌ಹಾಫ್ ಕಡೆಯವರು ಇಡಿಯಾಗಿ ಕೊಂಡರು. ಪಕ್ಕದಲ್ಲೇ ಬಿಳಿಯರಲ್ಲದ ಹಳೇ ಕೂಲಿಕಾರರ ಕುಟುಂಬಗಳು ಇನ್ನೂ ಇದ್ದವು. ಅವರನ್ನು ಎಬ್ಬಿಸಿದರು. ಈ ಬೋಸ್‌ಹಾಫ್ ಬೇರೆ ಯಾರೂ ಅಲ್ಲ, ವರ್ಣಭೇದ ನೀತಿಯನ್ನು ಬಿಗಿ ಮಾಡಿದ ಪ್ರಧಾನಿ ಹೆಂಡ್ರಿಕ್ ಫರ್ವೂರ್ಟ್ ಅಳಿಯ. ಮಾವನೂ ತನ್ನ ನೀತಿಯನ್ನು ಒಳ್ಳೇ ನೆರೆಹೊರೆತನ ಅಂತಲೇ ಕರೀತಿದ್ದ!

ಏಟು ತಿಂದಿದ್ದೂ ಸುಳ್ಳಲ್ಲ. 1899–1902ರ ಯುದ್ಧದಲ್ಲಿ ಬ್ರಿಟಿಷರ ಶಿಬಿರಗಳಲ್ಲಿ ಸುಮಾರು 26 ಸಾವಿರ ಬೋಯರ್ (ಆಗಿನ ಆಫ್ರಿಕಾನರ್ ರೈತರಿಗೆ ಇದ್ದ ಹೆಸರು) ಹೆಂಗಸರು, ಮಕ್ಕಳು ಸತ್ತರು. ಕಪ್ಪು ಜನರನ್ನು ಬೇರೆ ಶಿಬಿರಗಳಲ್ಲಿ ಕೂಡಿಹಾಕಿದ್ದರು, ಅಲ್ಲಿ ಸತ್ತವರು ಕನಿಷ್ಠ 14 ಸಾವಿರ. ಈ ಎರಡನೇ ಲೆಕ್ಕವನ್ನು ಎತ್ತುವವರೇ ಕಡಿಮೆ. ಬ್ರಿಟಿಷರ ವಿರುದ್ಧ ಕಾದಾಡಿದ್ದ ಬೋಯರ್ ಸೇನಾನಿ ಲೂಯಿ ಬೋಥಾ ಮುಂದೆ ಪ್ರಧಾನಿಯಾದಾಗಲೇ 1913ರ ಭೂಕಾಯ್ದೆ ಬಂದಿದ್ದು. ದೇಶದಲ್ಲಿ ಜಾಸ್ತಿ ಇದ್ದ ಕಪ್ಪು ಜನರಿಗೆ ಅದು ಬಿಟ್ಟಿದ್ದು ಶೇ 7ರಷ್ಟು ನೆಲ. ಒರಾನಿಯಾ ಕೊಂಡಾಗಲೂ ಇಂಥ ಕಾಯ್ದೆಗಳು ಜಾರಿಯಲ್ಲಿದ್ದವು, ರದ್ದಾಗಿದ್ದು 1991ರಲ್ಲಿ. ಬೇರೆಯವರನ್ನು ಒಳಗೇ ಬಿಡದ ಸಂತೆಯಲ್ಲಿ ವ್ಯಾಪಾರ ಮಾಡಿ, ನಮ್ಮ ದುಡ್ಡು ನಮ್ಮ ಜಾಗ ಅಂದ ಹಾಗಾಯ್ತು.

ಪ್ರ: ಕಪ್ಪು ಜನರಲ್ಲೂ ಪ್ರತ್ಯೇಕ ಇರಬೇಕು ಅಂದವರಿದ್ದರಲ್ವಾ?
— ಅದೇ ಓದುಗರು

ಉ: ಇದ್ದರು. ಜಮೈಕಾದ ಕಪ್ಪು ಮುಖಂಡ ಮಾರ್ಕಸ್ ಗಾರ್ವಿ. ಯುರೋಪಿನವರು ಆಫ್ರಿಕಾ ಬಿಟ್ಟು ತೊಲಗಲಿ ಅಂದರು, ಅದು ಸರಿಯೇ. ಜನಾಂಗಗಳು ಬೆರೆಯಬಾರದು ಅಂತಲೂ ನಂಬಿದ್ದರು, ಎಡವಟ್ಟಾಗಿದ್ದು ಇಲ್ಲಿ. 1922ರಲ್ಲಿ ಅಮೆರಿಕದ ಅಟ್ಲಾಂಟಾಗೆ ಹೋಗಿ ಕಪ್ಪು ಜನರ ಮೇಲೆ ದಾಳಿ ಮಾಡ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಮುಖಂಡನ ಜತೆ ಮಾತಿಗೆ ಕೂತರು, ಅಲ್ಲಿನ ಕಪ್ಪು ಜನರ ಹಕ್ಕಿಗಾಗಿ ಹೋರಾಡ್ತಿದ್ದ ಡುಬಾಯ್ಸ್ ಥರದವರು ಕೆಂಡವಾದರು. ಆ ವಾದ ಹಿಡಿದು ಹೊರಟವರು ಹೋಗಿ ಸೇರೋದೇ ಅಲ್ಲಿಗೆ ಅನ್ನೋದು ನನ್ನ ಅನಿಸಿಕೆ. ಆದರೂ ಫರ್ವೂರ್ಟ್, ಗಾರ್ವಿ ಇಬ್ಬರೂ ಒಂದೇ ಅನ್ನಬೇಡಿ. ಗಾರ್ವಿ ಕೈಯಲ್ಲಿ ಸರ್ಕಾರವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ.