ಜಿಮೇಲ್‌ನಿಂದ ಜೋಹೋ ಮೇಲ್‌ಗೆ ಬರುವಾಗ ಹಳೆಯ ಮೇಲ್‌ಗಳು ಕಳೆದುಹೋಗುತ್ತವಾ?

ಜಿಮೇಲ್‌ನ 15 ಜಿಬಿ ತುಂಬಿದೆ, ಜೋಹೋ ಮೇಲ್‌ಗೆ ಬರಬೇಕು, ಆದರೆ ಹಳೆಯದೆಲ್ಲ ಹೋಗಿಬಿಡುತ್ತೇನೋ ಅಂತ ಭಯ ಅಂದಿದ್ದೀರಿ. ಭಯ ಬೇಡ. ಕಳೆದ ವರ್ಷ ನಾನು ಬದಲಾಯಿಸಿದೆ, ಆಮೇಲೆ ಅಪ್ಪನಿಗೂ ಮಾಡಿಕೊಟ್ಟೆ. ನೀವಾಗಿ ಅಳಿಸದಿದ್ದರೆ ಹಳೆಯ ಮೇಲ್‌ಗಳು ಅಲ್ಲೇ ಇರುತ್ತವೆ. ನಿಜವಾದ ಕೆಲಸ ಇರುವುದು ವಿಳಾಸದಲ್ಲಿ. ಇಷ್ಟು ವರ್ಷದಲ್ಲಿ ಅದನ್ನು ಎಲ್ಲೆಲ್ಲಿ ಕೊಟ್ಟಿದ್ದೇವೆ ಅಂತ ನಮಗೇ ನೆನಪಿರುವುದಿಲ್ಲ, ಅಲ್ವಾ?

ಖಾತೆ ತೆರೆಯುವುದು ಐದು ನಿಮಿಷದ ಮಾತು. ಹೆಸರು ಆರಿಸುವಾಗ ಮಾತ್ರ ನಿಧಾನಿಸಿ. ಫೋನಿನಲ್ಲಿ ಒಬ್ಬರಿಗೆ ಹೇಳಿದರೆ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಉಚಿತ ಖಾತೆಯಲ್ಲಿ 5 ಜಿಬಿ ಜಾಗ ಸಿಗುತ್ತದೆ, ಐಮ್ಯಾಪ್ (ಬೇರೆ ಕಂಪನಿಯ ಮೇಲ್ ಆ್ಯಪ್‌ನಲ್ಲೂ ಖಾತೆ ತೆರೆಯುವ ಸೌಲಭ್ಯ) ಇರುವುದಿಲ್ಲ. ಹಾಗಾಗಿ ಫೋನಿನಲ್ಲಿ ಜೋಹೋದ ಆ್ಯಪನ್ನೇ ಹಾಕಿಕೊಳ್ಳಬೇಕು.

15 ಜಿಬಿ ಸಾಮಾನನ್ನು 5 ಜಿಬಿಯಲ್ಲಿ ತುಂಬುವುದು ಆಗದ ಮಾತು. ಅದಕ್ಕೇ ಹಳೆಯದನ್ನೆಲ್ಲ ಹೊತ್ತು ತರಬೇಡಿ ಅಂತ ನನ್ನ ಸಲಹೆ. ಆ 15 ಜಿಬಿಯಲ್ಲಿ ಡ್ರೈವ್ ಮತ್ತು ಫೋಟೋಸ್ ಕೂಡ ಸೇರಿವೆ, ಮೇಲ್ ನೀವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರಬಹುದು. ನಮ್ಮ ಡೇಟಾದ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಜಿಮೇಲ್ ಒಂದನ್ನೇ ಆರಿಸಿ ಪ್ರತಿ ಇಳಿಸಿಕೊಳ್ಳಿ, ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಬಿಡಿ. ಕಾಂಟ್ಯಾಕ್ಟ್ಸ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ ಹೊಸ ಖಾತೆಗೆ ತನ್ನಿ.

ಆಮೇಲೆ ಫಾರ್ವರ್ಡಿಂಗ್, ಅಂದರೆ ಹಳೆಯ ವಿಳಾಸಕ್ಕೆ ಬಂದ ಮೇಲ್ ತಾನಾಗಿಯೇ ಹೊಸದಕ್ಕೂ ಬರುವಂತೆ ಮಾಡುವುದು. ಇದು ಜಿಮೇಲ್ ಆ್ಯಪ್‌ನಲ್ಲಿ ಸಿಗುವುದಿಲ್ಲ, ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆಯಿರಿ. ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಭಾಗದಲ್ಲಿ ಹೊಸ ವಿಳಾಸ ಕೊಟ್ಟರೆ ಅಲ್ಲಿಗೊಂದು ದೃಢೀಕರಣ ಕೋಡ್ ಬರುತ್ತದೆ. ಕೋಡ್ ಹಾಕಿದ ಮೇಲೆ ಫಾರ್ವರ್ಡಿಂಗ್ ಆನ್ ಮಾಡಿ ಸೇವ್ ಒತ್ತಲೇಬೇಕು. ಮೂಲ ಪ್ರತಿ ಜಿಮೇಲ್‌ನಲ್ಲೇ ಉಳಿಯುವ ಆಯ್ಕೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಜಿಮೇಲ್‌ನಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿ. ಪೂರ್ತಿ ತುಂಬಿದ ಖಾತೆಗೆ ಹೊಸ ಮೇಲ್ ಬರುವುದೇ ಇಲ್ಲ, ಬರದಿದ್ದನ್ನು ಮುಂದಕ್ಕೆ ಕಳಿಸುವುದು ಹೇಗೆ? ಸ್ಪ್ಯಾಮ್‌ಗೆ ಬಿದ್ದದ್ದು ಫಾರ್ವರ್ಡ್ ಆಗುವುದಿಲ್ಲ ಅನ್ನುವುದೂ ನೆನಪಿರಲಿ. ವಾರಕ್ಕೊಮ್ಮೆ ಹಳೆಯ ಸ್ಪ್ಯಾಮ್ ಡಬ್ಬಿಯಲ್ಲಿ ಇಣುಕಿ ನೋಡಿ.

ನಾನು ಫಾರ್ವರ್ಡಿಂಗನ್ನು ನಾಳೆ ಮಾಡೋಣ ಅಂತ ಬಿಟ್ಟಿದ್ದೆ. ಅಪ್ಪನ ಆರೋಗ್ಯ ವಿಮೆ ರಿನ್ಯೂ ಮಾಡಬೇಕೆಂಬ ಮೇಲ್ ಹಳೆಯ ಇನ್‌ಬಾಕ್ಸ್‌ನಲ್ಲಿ ಬಂದು ಕೂತಿತ್ತು. ಯಾವುದೋ ಹಳೆಯ ರಸೀದಿ ಹುಡುಕಲು ಹೋದಾಗ ಕಣ್ಣಿಗೆ ಬಿತ್ತು. ಕೊನೆಯ ದಿನಕ್ಕೆ ಇನ್ನೆರಡೇ ದಿನ ಇತ್ತು. ಆ ವಯಸ್ಸಿನಲ್ಲಿ ಪಾಲಿಸಿ ತಪ್ಪಿದರೆ ಹೊಸದು ಸಿಗುವುದು ಎಷ್ಟು ಕಷ್ಟ! ಆವತ್ತು ರಾತ್ರಿಯೇ ಕೂತು ಹಳೆಯ ವಿಳಾಸ ಕೊಟ್ಟ ಜಾಗಗಳ ಪಟ್ಟಿ ಬರೆದೆ.

ಪಟ್ಟಿ ಮಾಡಲು ಜಿಮೇಲ್‌ನ ಹುಡುಕುವ ಪೆಟ್ಟಿಗೆಯೇ ಸಾಕು. ‘ಸ್ಟೇಟ್‌ಮೆಂಟ್’, ‘ಪ್ರೀಮಿಯಂ’, ‘ವೆರಿಫೈ’, ‘ವೆಲ್‌ಕಮ್’ ಇಂಥ ಪದಗಳನ್ನು ಇಂಗ್ಲಿಷ್‌ನಲ್ಲಿ ಹಾಕಿ ನೋಡಿ. ನೀವು ಮರೆತೇಬಿಟ್ಟ ಖಾತೆಗಳೂ ಮೇಲೆ ಬರುತ್ತವೆ. ಮೊದಲು ಬ್ಯಾಂಕು, ವಿಮೆ, ಆದಾಯ ತೆರಿಗೆ ಪೋರ್ಟಲ್. ಮ್ಯೂಚುವಲ್ ಫಂಡ್ ಇದ್ದರೆ ಕ್ಯಾಮ್ಸ್, ಕೆಫಿನ್‌ಟೆಕ್ (ಫಂಡ್ ಹೂಡಿಕೆದಾರರ ದಾಖಲೆ ಇಡುವ ಸಂಸ್ಥೆಗಳು) ಎರಡರಲ್ಲೂ ನೋಡಿ. ದಿನಕ್ಕೆ ಮೂರು ನಾಲ್ಕು ಕಡೆ ವಿಳಾಸ ಬದಲಾಯಿಸಿದರೆ ಸಾಕು. ಒಂದೇ ದಿನ ಎಲ್ಲಾ ಮಾಡಲು ಹೋದರೆ ಒಟಿಪಿಗಳ ಮಧ್ಯೆ ತಲೆ ಕೆಡುತ್ತದೆ. ಬದಲಾಯಿಸಿದ್ದರ ಮುಂದೆ ತಾರೀಖು ಬರೆಯಿರಿ. ಮುಂದೆ ಫಾರ್ವರ್ಡ್ ಆಗಿ ಬರುವ ಒಂದೊಂದು ಮೇಲ್ ಕೂಡ ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಜಾಗವನ್ನು ತೋರಿಸಿಕೊಡುತ್ತದೆ.

‘ಸೈನ್ ಇನ್ ವಿತ್ ಗೂಗಲ್’ ಒತ್ತಿ ಸೇರಿದ ಆ್ಯಪ್‌ಗಳಿದ್ದರೆ ಅವು ಗೂಗಲ್ ಖಾತೆಗೇ ಅಂಟಿಕೊಂಡಿರುತ್ತವೆ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್‌ಗೂ ಅದೇ ಖಾತೆ ಬೇಕು. ಹಾಗಾಗಿ ಅದನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಎರಡು ವರ್ಷ ಯಾವ ಬಳಕೆಯೂ ಇಲ್ಲದಿದ್ದರೆ ಗೂಗಲ್ ತಾನೇ ಖಾತೆ ಅಳಿಸಬಹುದು, 2023ರಿಂದ ಈ ನಿಯಮ ಇದೆ. ಅಪ್ಪನ ಫೋನಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಅಲಾರಂ ಇಟ್ಟಿದ್ದೇನೆ. ಅದು ಹೊಡೆದಾಗ ಅವರು ಹಳೆಯ ಜಿಮೇಲ್ ತೆರೆದು ನೋಡುತ್ತಾರೆ.