ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡೋರು) ಕೋರ್ಸಿನ ಆಸ್ಪತ್ರೆ ಪೋಸ್ಟಿಂಗ್‌ನಲ್ಲಿ ಬರೀ ಟ್ರಾಲಿ ತಳ್ಳಿಸ್ತಾರೆ, ಗೊಂಬೆ ಮೇಲೆ ಕಲಿಸೋ ಸಿಮ್ಯುಲೇಶನ್ ಲ್ಯಾಬ್ ಇರೋ ಬೆಂಗಳೂರಿನ ಕಾಲೇಜಿಗೆ ಹೋಗಲಾ?

ಟ್ರಾಲಿ, ಅದೇ ಚಕ್ರದ ಸ್ಟ್ರೆಚರ್, ಅಂದ್ರೆ ನನಗೂ ಹೀಗೇ ಉರೀತಿತ್ತು. ರಾಯಚೂರಿನಲ್ಲಿ ಕ್ಯಾಶುವಾಲ್ಟಿ (ತುರ್ತು ಚಿಕಿತ್ಸಾ ವಿಭಾಗ) ಪೋಸ್ಟಿಂಗ್ ಹಾಕಿದಾಗ ಮೊದಲ ಹದಿನೈದು ದಿನ ಅದೇ ಕೆಲಸ. ಗೊಂಬೆ ಮೇಲೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತೋದು) ಮಾಡೋದರಲ್ಲಿ ಕ್ಲಾಸಿಗೇ ನಾನು ಫಸ್ಟ್. ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಇಂಥವನು ಟ್ರಾಲಿ ಹಿಡಿಯೋದಾ? ಅಟೆಂಡರ್ ಕಾಕಾ "ಬಾ ತಮ್ಮಾ, ಸ್ಟ್ರೆಚರ್ ಇಳಿಸೋಣು" ಅಂದಾಗಲೆಲ್ಲ ಐವಿ (ಡ್ರಿಪ್) ಹಾಕುವ ಕಡೆ ಹೋಗಿ ನಿಲ್ಲುತ್ತಿದ್ದೆ. ಕೈಯಾರೆ ಇಳಿಸಿದ್ದು ಎರಡೋ ಮೂರೋ ಸಲ. ಲಾಗ್‌ಬುಕ್‌ನಲ್ಲಿ ಇಪ್ಪತ್ತು ಅಂತ ಬರೆದು ಸಹಿ ಹಾಕಿಸಿಕೊಂಡೆ.

ಆಂಬುಲೆನ್ಸ್ ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಜೋರು ಮಳೆ. ಸಿಂಧನೂರು ಕಡೆ ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿ ಒಬ್ಬ ಯಜಮಾನರ ತೊಡೆಮೂಳೆ ಮುರಿದಿತ್ತು. ಎರೆಮಣ್ಣಲ್ಲೇ ಸ್ಟ್ರೆಚರ್ ಎಳೆದುಕೊಂಡು ಹೋದೆವು. ಕಾಲು ಅಲ್ಲಾಡದ ಹಾಗೆ ಸ್ಪ್ಲಿಂಟ್ ಚೆನ್ನಾಗೇ ಕಟ್ಟಿದೆ. ತೊಡೆ ಮುರಿದರೆ ಒಳಗೇ ಒಂದು ಲೀಟರ್‌ಗಿಂತ ಜಾಸ್ತಿ ರಕ್ತ ಹೋಗಬಹುದು, ಹಾಗಾಗಿ ಮಾನ್ವಿ ದಾಟಿದ ಮೇಲೂ ಬಿಪಿ ನೋಡ್ತಾನೇ ಇದ್ದೆ. ಎಲ್ಲಾ ಸರಿ ಇತ್ತು.

ತಪ್ಪಾಗಿದ್ದು ಆಸ್ಪತ್ರೆ ಬಾಗಿಲಲ್ಲಿ. ಪೇಷೆಂಟ್ ತಲೆ ಗಾಡಿಯ ಒಳಗಿರುತ್ತೆ, ಕಾಲು ಬಾಗಿಲ ಕಡೆ. ಎಳೆದಾಗ ಮೊದಲು ಸ್ಟ್ರೆಚರ್‌ನ ಈ ಕಡೆಯ ಕಾಲುಗಳು ತಾವಾಗೇ ಕೆಳಗೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡರೆ ಸಾಲದು, ಲಾಕ್ ಆಗಬೇಕು. ಆದಾಗ ಟಕ್ ಅಂತ ಸದ್ದು ಬರುತ್ತೆ. ಆಮೇಲೂ ಭಾರ ಬಿಡೋಕೆ ಮುಂಚೆ ಒಮ್ಮೆ ಅಲ್ಲಾಡಿಸಿ ನೋಡಬೇಕು. ಕಾಕಾ ಪ್ರತಿ ಸಲ ಅಲ್ಲಾಡಿಸುತ್ತಿದ್ದ, ಅದು ಮುದುಕರ ಚಾಳಿ ಅಂದುಕೊಂಡಿದ್ದೆ. ಅವತ್ತು ಮಡಚೋ ಜಾಗದಲ್ಲಿ ಎರೆಮಣ್ಣು ಮೆತ್ತಿಕೊಂಡಿತ್ತು. ಒಣಗಿದರೆ ಅದು ಕಲ್ಲೇ, ನಿಮಗೆ ಹೇಳಬೇಕಾ? ಸ್ಟ್ರೆಚರ್ ಕಾಲು ನೆಲಕ್ಕೆ ಮುಟ್ಟಿತು, ಲಾಕ್ ಬೀಳಲಿಲ್ಲ. ಸದ್ದು ಬಂತಾ ಅಂತ ನಾನು ಕೇಳಿಸಿಕೊಳ್ಳಲೂ ಇಲ್ಲ, ಯಾಕಂದ್ರೆ ಸಿಸ್ಟರ್‌ಗೆ ಜೋರಾಗಿ ಬಿಪಿ ರೀಡಿಂಗ್ ಹೇಳ್ತಿದ್ದೆ. ಶೋಕಿ. ಐವಿ ಬಾಟಲಿ ತಗೊಳ್ಳೋಣ ಅಂತ ಕೈ ಬಿಟ್ಟೆ ನೋಡಿ, ಕಾಲಿನ ಕಡೆ ಸ್ಟ್ರೆಚರ್ ಧಡ್ ಅಂತ ಕುಸಿಯಿತು. "ಯಪ್ಪಾ, ಸತ್ತೆನೋ" ಅಂತ ಯಜಮಾನರು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಒಳಗಿದ್ದ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಅವರ ಮಗ ನನ್ನ ಕಾಲರ್ ಹಿಡಿದ. ಹಿಡಿಯಲಿ ಬಿಡಿ, ತಪ್ಪೇನಿಲ್ಲ. ಎರಡು ತಿಂಗಳು ಸಂಬಳ ಇಲ್ಲದೆ ಮನೆಯಲ್ಲಿ ಕೂತೆ.

ಅದಕ್ಕೇ ಹೇಳೋದು, ಟ್ರಾಲಿ ತಳ್ಳಿಸಿ ನಿಮ್ಮ ಟೈಮ್ ಹಾಳು ಮಾಡ್ತಿದ್ದಾರೆ ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಬೆಂಗಳೂರಿನ ಲ್ಯಾಬ್ ಚೆನ್ನಾಗಿರಬಹುದು. ಆದರೆ ಭತ್ತಕ್ಕೆ ಎಣ್ಣೆ ಹೊಡೆಯೋ ಸೀಸನ್‌ನಲ್ಲಿ ನಮ್ಮ ಕಡೆ ಕ್ಯಾಶುವಾಲ್ಟಿಯಲ್ಲಿ ನಿಂತು ನೋಡಿ. ಕ್ರಿಮಿನಾಶಕ ಕುಡಿದವರನ್ನು ತರುತ್ತಾರೆ. ಬಾಯಿ ತುಂಬಾ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಗ್ಲೌಸ್ ಹಾಕಿಕೊಂಡು ಬಟ್ಟೆ ಬಿಚ್ಚಿ ಮೈ ತೊಳೆಯಬೇಕು, ಬಾಯಿಯ ಜೊಲ್ಲು ಪೈಪಿನಿಂದ ಎಳೆದು ತೆಗೆಯೋ ಸಕ್ಷನ್ ಮಾಡ್ತಾನೇ ಇರಬೇಕು. ಆ ವಾಸನೆ ಯಾವ ಗೊಂಬೆಗೂ ಬರಲ್ಲ. ಹಾವು ಕಚ್ಚಿದವರು ಬಂದರೆ ಬಿಗಿಯಾಗಿ ಕಟ್ಟಿದ ಹಗ್ಗ ನೋಡಿ ನೀವೇ ಬಿಚ್ಚೋಕೆ ಹೋಗಬೇಡಿ. ಡಾಕ್ಟರ್ ಪಕ್ಕ ನಿಂತು ಅವರು ಹೇಗೆ ಬಿಚ್ಚುತ್ತಾರೆ ನೋಡಿ. ಫೀಸು, ಪ್ಲೇಸ್‌ಮೆಂಟ್ ಲೆಕ್ಕ ಬೇರೆಯವರು ಹೇಳಲಿ.

ಲಾಗ್‌ಬುಕ್‌ನಲ್ಲಿ ಮಾಡಿದಷ್ಟೇ ಬರೆಯಿರಿ. ನಾಳೆ ಡ್ಯೂಟಿ ಖಾಲಿ ಇದ್ದಾಗ ಅಟೆಂಡರ್‌ಗೆ ಒಂದು ಚಹಾ ಕುಡಿಸಿ, ನೀವೇ ಆ ಸ್ಟ್ರೆಚರ್ ಮೇಲೆ ಮಲಗಿ. ಬೆಲ್ಟ್ ಹಾಕಿಸಿಕೊಂಡು ಗಾಡಿಯಿಂದ ಇಳಿಸೋಕೆ ಹೇಳಿ. ಆ ಟಕ್ ಕೇಳೋವರೆಗೂ ನಿಮ್ಮ ಕೈ ಎಲ್ಲಿ ಹಿಡಿದುಕೊಂಡಿರುತ್ತೆ ನೋಡಿ.